ಗಿಡ್ಡಯ್ಯನ ಗಾಡಿ

ಹಾಸನದ ಬಸ್ ನಿಲ್ದಾಣದ ಹೊರಗಿನ ಆಟೋ ಸ್ಟ್ಯಾಂಡಿನಲ್ಲಿ ಒಂದು ಗಾಡಿಗೆ ಒಂದು ಸಲ ಹೆಸರು ಬಿತ್ತೆಂದರೆ ಬಿತ್ತು. ಟಾಪು ಬದಲಾಗಬಹುದು, ಎಂಜಿನ್ ಬದಲಾಗಬಹುದು, ಓಡಿಸುವವನೇ ಬದಲಾಗಬಹುದು. ಮೊದಲು ತಂದು ಸಾಲಿನಲ್ಲಿ ನಿಲ್ಲಿಸಿದವನು ಯಾರೋ ಅವನ ಹೆಸರಿನಲ್ಲೇ ಸರದಿ ಕೂಗುತ್ತಾರೆ. ಹಾಗಾಗಿ ಗಿಡ್ಡಯ್ಯ ತೀರಿಕೊಂಡು ನಾಲ್ಕು ವರ್ಷವಾದರೂ ದಿನಕ್ಕೆ ಏಳೆಂಟು ಸಲ ಅಲ್ಲಿ ಅವನ ಹೆಸರು ಕೇಳಿಬರುತ್ತಿತ್ತು. ಸ್ಟ್ಯಾಂಡಿಗೆ ಹಿರಿಯನಾದ ರಂಗಸ್ವಾಮಿ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ‘ಗಿಡ್ಡಯ್ಯಂದು ಬರ್ಲಿ’ ಅನ್ನುತ್ತಿದ್ದ. ಗಿಡ್ಡಯ್ಯನ ತಮ್ಮ ಸಿದ್ದರಾಜು ಗಾಡಿಯನ್ನು ಮುಂದಕ್ಕೆ ತರುತ್ತಿದ್ದ.

ಮೊದಮೊದಲು ಆ ಕೂಗು ಕೇಳಿದರೂ ಸಿದ್ದರಾಜು ಗಾಡಿ ತೆಗೆಯದೆ ಕೂತುಬಿಡುತ್ತಿದ್ದ, ಇನ್ನೊಮ್ಮೆ ಕೂಗಬೇಕಾಗುತ್ತಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ ರೂಢಿಯಾಯಿತು. ವರ್ಷ ತುಂಬುವಷ್ಟರಲ್ಲಿ ಯಾರಾದರೂ ಗಿಡ್ಡಣ್ಣ ಎಂದರೆ ತಾನೇ ತಿರುಗಿ ನೋಡುತ್ತಿದ್ದ. ಅಣ್ಣ ಬಹಳ ಮಾತಿನವನು. ತಮ್ಮನ ಪಾಲಿನ ಮಾತನ್ನೂ ಅವನೇ ಆಡಿ ಮುಗಿಸುತ್ತಿದ್ದ. ಹೆಣ್ಣು ನೋಡಲು ಹೋದಾಗಲೂ ಹುಡುಗನನ್ನು ಕೇಳಿದ್ದಕ್ಕೆಲ್ಲ ಅಣ್ಣನೇ ಉತ್ತರ ಕೊಟ್ಟಿದ್ದನಂತೆ. ಅವನು ಹೋದ ಮೇಲೆ ಆ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ. ನಲವತ್ತಾರರ ಸಿದ್ದರಾಜು ಮಾತಿಲ್ಲದ ಮನುಷ್ಯನಾಗಿಯೇ ಉಳಿದ.

ಗಾಡಿಯ ಪತ್ರಗಳೆಲ್ಲ ಇನ್ನೂ ಗಿಡ್ಡಯ್ಯನ ಹೆಸರಿನಲ್ಲೇ ಇದ್ದವು. ಚಾಲಕನ ಸೀಟಿನ ಹಿಂದೆ, ಪ್ರಯಾಣಿಕರ ಕಣ್ಣಿಗೆ ನೇರವಾಗಿ ಕಾಣುವ ಹಾಗೆ, ಪೊಲೀಸಿನವರು ಕೊಟ್ಟ ಕಾರ್ಡು ನಾಲ್ಕು ಸ್ಕ್ರೂಗಳಲ್ಲಿ ಕೂತಿತ್ತು: ಹೆಸರು, ವಿಳಾಸ, ರಕ್ತದ ಗುಂಪು, ಒಂದು ಫೋಟೋ. ಬಿಸಿಲಿಗೆ ಫೋಟೋದ ಬಣ್ಣ ಇಳಿದು ಮೀಸೆ ಮತ್ತು ಹುಬ್ಬು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ತಮ್ಮನಿಗೂ ಅದೇ ಮೀಸೆ, ಅದೇ ಹುಬ್ಬು. ಹೆಸರು ಬದಲಾಯಿಸುವ ಅರ್ಜಿಯನ್ನು ಸಿದ್ದರಾಜು ತರಿಸಿದ್ದುಂಟು. ಅತ್ತಿಗೆ ಮರಿಯಮ್ಮ ಹೆಬ್ಬೆಟ್ಟು ಒತ್ತಬೇಕಿತ್ತು. ಅವಳು ಹರದನಹಳ್ಳಿ ಕಡೆಯ ಊರಿನಲ್ಲಿ ಒಬ್ಬಳೇ ಇದ್ದಳು, ಮಕ್ಕಳಿರಲಿಲ್ಲ. ಅರ್ಜಿ ಹಿಡಿದುಕೊಂಡು ಹೋದ ದಿನ ಅವಳು ಶಾಯಿಯ ಡಬ್ಬಿಯನ್ನು ನೋಡಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬ್ಯಾಡ ಕಣಪ್ಪಾ. ಮನುಸ ಅಂತೂ ಓದ. ಎಸ್ರಾದ್ರೂ ಓಡಾಡ್ಕಂಡಿರ್ಲಿ,” ಅಂದಳು.

ಸಿದ್ದರಾಜು ಅರ್ಜಿಯನ್ನು ಮಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಸ್ಪ್ಯಾನರಿನ ಜೊತೆ ಇಟ್ಟ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಗಾಡಿಯನ್ನು ಊರಿಗೆ ಒಯ್ಯುತ್ತಿದ್ದ. ಮರಿಯಮ್ಮ ಗಾಡಿ ತೊಳೆದು, ಮುಂದಿನ ಗಾಜಿಗೆ ವಿಭೂತಿ ಬಳಿದು, ಹಿಂದೆ ಹತ್ತಿ ಕೂತು ಆ ಕಾರ್ಡಿನ ಅಂಚಿಗೆ ಕನಕಾಂಬರ ಸಿಕ್ಕಿಸುತ್ತಿದ್ದಳು. ಇಷ್ಟು ನಡೆಯುತ್ತಿರುವವರೆಗೆ ತಾನು ಅಣ್ಣನಿಗೆ ಮಾಡಬೇಕಾದ್ದನ್ನು ಮಾಡುತ್ತಿದ್ದೇನೆ ಎಂದು ಸಿದ್ದರಾಜು ನಂಬಿದ್ದ. ಬೇರೆ ಯಾವುದರಲ್ಲೂ ಅವನಿಗೆ ಅಂಥ ನಂಬಿಕೆ ಇರಲಿಲ್ಲ.

ಸಂಕ್ರಾಂತಿ ಕಳೆದು ಎರಡು ದಿನವಾಗಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಚನ್ನರಾಯಪಟ್ಟಣದ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ಸೀದಾ ಸ್ಟ್ಯಾಂಡಿಗೆ ಬಂದರು. ಅರವತ್ತರ ಆಸುಪಾಸು, ಹತ್ತಿ ಸೀರೆ, ಕಾಲಿಗೆ ಬೂಟು, ಹೆಗಲಿಗೆ ಬಟ್ಟೆಯ ಚೀಲ. ಹೆಸರು ಗಂಗಾಂಬಿಕೆ, ದಾವಣಗೆರೆಯಲ್ಲಿ ಹೈಸ್ಕೂಲು ಟೀಚರಾಗಿದ್ದು ನಿವೃತ್ತಿಯಾದವರು ಎಂಬುದನ್ನು ಅವರೇ ಹೇಳಿದರು. ಹಿಂದಿನ ದಿನ ಶ್ರವಣಬೆಳಗೊಳ ಆಗಿತ್ತು, ಇವತ್ತು ಮೊಸಳೆ ಎಂಬ ಊರಿನ ಗುಡಿಗಳು, ನಾಳೆ ಅರಕಲಗೂಡಿನ ಮೇಲೆ ರುದ್ರಪಟ್ಟಣ. ಜೀವನದಲ್ಲಿ ಮೊದಲ ಸಲ ಒಬ್ಬರೇ ಹೊರಟಿದ್ದರಂತೆ. ಮಗಳು ಮಾನ್ಯ ಬೇಡವೆಂದು ಹಟ ಹಿಡಿದಿದ್ದಳಂತೆ. ಕೊನೆಗೆ ಅವಳು ಒಂದು ಹಾಳೆಯಲ್ಲಿ ಬರೆದುಕೊಟ್ಟ ನಿಯಮಗಳಿಗೆಲ್ಲ ಒಪ್ಪಿದ ಮೇಲೆಯೇ ಬಿಟ್ಟಿದ್ದು ಎಂದು ನಗುತ್ತ ಹೇಳಿದರು.

ಆ ನಿಯಮಗಳನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಬಾಡಿಗೆ ಮೊದಲೇ ಮಾತಾಡಿದರು. ಗಾಡಿಯ ನಂಬರಿನ ಫೋಟೋ ತೆಗೆದರು. ಒಳಗೆ ಹತ್ತಿ ಅಂಚು ಬಿಟ್ಟು ನಡುವೆ ಕೂತರು, ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡರು. ಆಮೇಲೆ ಕಾರ್ಡಿನ ಫೋಟೋ ತೆಗೆದು ಮಗಳಿಗೆ ಕಳಿಸಿ, ಕನ್ನಡಕ ಏರಿಸಿ ಅದರ ಮೇಲಿನ ಹೆಸರನ್ನು ಓದಿದರು.

“ಗಿಡ್ಡಯ್ಯ ಅಂದ್ರೆ ನೀವೇ ಏನ್ರಿ?”

ಸಿದ್ದರಾಜು ಕಿಕ್ ಹೊಡೆಯಲು ಬಗ್ಗಿದ್ದ. ಅವನ ಬದಲು ರಂಗಸ್ವಾಮಿ ಉತ್ತರ ಕೊಟ್ಟ.

“ಅವ್ನೇ ಕಣವ್ವಾ, ಗಿಡ್ಡಯ್ಯನ ಗಾಡಿನೇ ಇದು. ಬಾಳ ಒಳ್ಳೇನು. ದೇವ್ರು ಎಲ್ಲಾ ಕೊಟ್ಟವ್ನೆ, ಬಾಯೊಂದು ಮರ್ತ್ಬುಟ್ಟವ್ನೆ.”

ಸ್ಟ್ಯಾಂಡಿನವರು ನಕ್ಕರು. ಗಂಗಾಂಬಿಕೆಯೂ ನಕ್ಕು, ಕನ್ನಡಿಯಲ್ಲಿ ಸಿದ್ದರಾಜುವಿನ ಮುಖ ಹುಡುಕಿ, ಹೌದೇ ಎನ್ನುವಂತೆ ನೋಡಿದರು. ಅವನು “ಊಂ” ಅಂದ.

ಅದು ಸುಳ್ಳು ಎಂದು ಅವನಿಗೆ ಹೊಳೆಯಲೇ ಇಲ್ಲ. ದಿನಾ ಅನ್ನುವಂತೆ ಅಂದಿದ್ದ.

ಹೊಳೆನರಸೀಪುರದ ರಸ್ತೆಗೆ ಬಿದ್ದ ಮೇಲೆ ಅವರು ಮಾತಿಗೆ ಎಳೆದರು. ಊರು ಯಾವುದು, ಬೆಳೆ ಏನು, ಈ ಕಡೆ ಆಲೂಗೆಡ್ಡೆ ಹಾಕುತ್ತಾರಂತೆ ಹೌದೇ. ಅವನು ಒಂದೊಂದು ಶಬ್ದ ಕೊಡುತ್ತಿದ್ದ. ಅವರಿಗೆ ಬೇಜಾರಾದಂತೆ ಕಾಣಲಿಲ್ಲ. ಮೂವತ್ತು ವರ್ಷ ಕಾಲ, ಹಿಂದಿನ ಬೆಂಚಿನ ಹುಡುಗರಿಂದ ಉತ್ತರ ಹೊರಡಿಸಿದ ಅಭ್ಯಾಸ ಇತ್ತೇನೋ. ಒಂದು ಕಡೆ ಕೇಳಿದರು, ಗಿಡ್ಡಯ್ಯನವರೇ, ನಿಮಗೆ ಮಕ್ಕಳೆಷ್ಟು ಎಂದು.

ಸಿದ್ದರಾಜುವಿಗೆ ಒಬ್ಬಳೇ ಮಗಳು, ಸ್ಪಂದನಾ, ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಆದರೆ ಕೇಳಿದ್ದು ಗಿಡ್ಡಯ್ಯನನ್ನು. ಒಂದು ಹೆಸರಿಗೆ ಊಂ ಅಂದ ಮೇಲೆ ಆ ಹೆಸರಿನವನ ಬಾಳಿಗೂ ಊಂ ಅನ್ನಬೇಕಾಗುತ್ತದೆ ಎಂಬುದು ಅವನಿಗೆ ಆಗಲೇ ಗೊತ್ತಾಗಿದ್ದು. ತಿದ್ದಲು ಹೊರಟರೆ ಅಣ್ಣನ ಸಾವಿನಿಂದ ಶುರು ಮಾಡಬೇಕು. ಅಷ್ಟುದ್ದದ ಮಾತನ್ನು ಅವನು ಯಾರ ಬಳಿಯೂ ಆಡಿರಲಿಲ್ಲ.

“ಇಲ್ಲ,” ಅಂದ.

ಅವರು ಅಯ್ಯೋ ಎಂದರು. ಆ ದನಿಯಲ್ಲಿ ಕನಿಕರವಿತ್ತು. ಅದು ತನ್ನದಲ್ಲದ ಕನಿಕರ ಎಂದು ಸಿದ್ದರಾಜುವಿಗೆ ಕಸಿವಿಸಿಯಾಯಿತು.

ಮೊಸಳೆಯಲ್ಲಿ ಅವರು ಒಂದೂವರೆ ಗಂಟೆ ಇದ್ದರು. ಅಲ್ಲಿ ಪಕ್ಕಪಕ್ಕದಲ್ಲೇ ಎರಡು ಗುಡಿಗಳು. ಅಚ್ಚೊತ್ತಿದ ಹಾಗೆ ಒಂದರಂತೆ ಇನ್ನೊಂದು. ಸಿದ್ದರಾಜು ಹೊರಗೆ ನೆರಳಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದ. ಅವರೇ ಬಂದು ಕರೆದರು: “ಬಂದು ನೋಡ್ರಿ. ಹೊರಗಿಂದ ನೋಡಿದ್ರೆ ಯಾವುದು ಯಾರದು ಅಂತ ಗೊತ್ತೇ ಆಗೋದಿಲ್ಲ. ಒಳಗೆ ಹೋದ್ರೆ ಒಂದ್ರಾಗೆ ಶಿವ, ಇನ್ನೊಂದ್ರಾಗೆ ಕೇಶವ.” ಅವನು ಎಷ್ಟೋ ಸಲ ಬಂದಿದ್ದವನು, ಒಳಗೆ ಹೋಗಿರಲಿಲ್ಲ. ಅವತ್ತೂ ಹೋಗಲಿಲ್ಲ. ಅವರು ಚೀಲದಿಂದ ಖಡಕ್ ರೊಟ್ಟಿ ತೆಗೆದು ಎರಡು ಮುರಿದು, ಶೇಂಗಾ ಚಟ್ನಿಪುಡಿ ಹಾಕಿ ಅವನ ಕೈಗಿಟ್ಟರು. ಮಗಳಿಗೆ ಫೋನು ಮಾಡಿ, ಡ್ರೈವರು ಬಹಳ ಸಂಭಾವಿತರು, ಮಾತಿಲ್ಲ ಕತೆಯಿಲ್ಲ ಎಂದು ಹೇಳುವುದು ಅವನಿಗೆ ಕೇಳಿಸಿತು. ಆಗ ಹೇಳಿಬಿಡಬಹುದಿತ್ತು. ರೊಟ್ಟಿ ಅಗಿಯುತ್ತ, ಮೇಡಂ, ಕಾರ್ಡಿನಲ್ಲಿರುವುದು ನಮ್ಮಣ್ಣ ಅಂದರೆ ಸಾಕಿತ್ತು, ಮೂರು ಶಬ್ದ. ಬಾಯಿ ತುಂಬ ರೊಟ್ಟಿಯಿತ್ತು. ನುಂಗುವಷ್ಟರಲ್ಲಿ ಅವರು ಇನ್ನೊಂದು ಸುತ್ತು ನೋಡಿ ಬರುತ್ತೇನೆಂದು ಹೋದರು.

ಹಿಂತಿರುಗುವಾಗ ಊರಿನ ಬಾಗಿಲಿನಲ್ಲಿ ಮಂಚಯ್ಯ ಕೈ ಅಡ್ಡ ಹಿಡಿದ. ಅವನು ಸಿದ್ದರಾಜುವಿನ ಊರಿನವನೇ, ವಯಸ್ಸಾದವನು, ಕಿವಿ ಮಂದ. ಮಗಳ ಮನೆಗೆ ಬಂದಿದ್ದವನು ಬಸ್ಸು ಹಿಡಿಯಲು ದೊಡ್ಡ ರಸ್ತೆಗೆ ಹೊರಟಿದ್ದ. ಕಂಕುಳಲ್ಲಿ ಅವರೆಕಾಯಿಯ ಗಂಟು.

“ಲೇ ಸಿದ್ರಾಜಾ, ನೀನೇನ್ಲಾ ಇಲ್ಲಿ,” ಎನ್ನುತ್ತ, ಕೇಳದೆಯೇ ಮುಂದಿನ ಸೀಟಿನ ತುದಿಗೆ ಏರಿ ಚಾಲಕನ ಪಕ್ಕ ಕೂತ. ಈ ಕಡೆ ಅದು ಕೇಳುವ ವಿಷಯವೇ ಅಲ್ಲ. ದಾರಿಯಲ್ಲಿ ಊರಿನವನು ಸಿಕ್ಕರೆ ಗಾಡಿ ತಾನಾಗಿ ನಿಲ್ಲುತ್ತದೆ, ಅವನು ತಾನಾಗಿ ಹತ್ತುತ್ತಾನೆ. ಹಿಂದೆ ಬಾಡಿಗೆಯವರಿದ್ದರೆ ಅವರಿಗೇನೂ ನಷ್ಟವಿಲ್ಲವಲ್ಲ. ಸಿದ್ದರಾಜುವಿಗೂ ಬೇರೆ ಯೋಚನೆ ಬರಲಿಲ್ಲ. ಹಿಂದಿನಿಂದ ಗಂಗಾಂಬಿಕೆ ಇವರ್ಯಾರು ಎಂದು ಕೇಳಿದರು. ಅವನು ಉತ್ತರ ಕೂಡಿಸಿಕೊಳ್ಳುವಷ್ಟರಲ್ಲಿ ಮಂಚಯ್ಯ, ಕಿವಿ ಮಂದವಾದವರು ಮಾತಾಡುವ ಗಟ್ಟಿ ದನಿಯಲ್ಲಿ ಶುರು ಮಾಡಿದ್ದ.

“ನಿನ್ ಮಗ್ಳು ಸ್ಪಂದನಾ ಈ ಸಲ ಪರೀಕ್ಸೆ ಅಲ್ವೇನ್ಲಾ? ನಿಮ್ಮಣ್ಣ ಗಿಡ್ಡಯ್ಯ ಇದ್ದಿದ್ರೆ ಊರೆಲ್ಲಾ ಏಳ್ಕಂಡ್ ಬರೋನು. ನೋಡು, ಓಗಿ ನಾಕು ವರ್ಸ ಆಯ್ತು.”

ಸಿದ್ದರಾಜು ಕನ್ನಡಿ ನೋಡಿದ. ಗಂಗಾಂಬಿಕೆ ಕಾರ್ಡನ್ನು ನೋಡುತ್ತಿದ್ದರು. ಆಮೇಲೆ ಕನ್ನಡಿಯಲ್ಲಿ ಅವನನ್ನು ನೋಡಿದರು. ಮೀಸೆ, ಹುಬ್ಬು, ಮತ್ತೆ ಕಾರ್ಡು. ಅವರ ಮುಖದಿಂದ ಬೆಳಗಿನ ನಗು ಒಂದೊಂದೇ ಗೆರೆಯಾಗಿ ಇಳಿದುಹೋಯಿತು. ಹೆಸರು ಸುಳ್ಳು. ಮಕ್ಕಳಿಲ್ಲ ಎಂದದ್ದು ಸುಳ್ಳು. ಕಾರ್ಡಿನಲ್ಲಿರುವವನು ಸತ್ತವನು. ಈಗ ಮುಂದೆ ಇನ್ನೊಬ್ಬ ಗಂಡಸು. ಮಗಳು ಹಾಳೆಯಲ್ಲಿ ಬರೆದುಕೊಟ್ಟಿದ್ದೆಲ್ಲ ಒಂದರ ಹಿಂದೊಂದು ಬಂದು ನಿಂತಂತಾಗಿತ್ತು.

ಅವರು ಮಗಳಿಗೆ ಫೋನು ಹಚ್ಚಿ, ಪಿಸುದನಿಯಲ್ಲಿ ವಿಷಯ ಹೇಳಿದರು. ಅವಸರದಲ್ಲಿ ಬೆರಳು ತಾಗಿ ಅದು ಸ್ಪೀಕರಿಗೆ ಬಿತ್ತು. ಮಗಳ ದನಿ ಎಲ್ಲರಿಗೂ ಕೇಳಿಸಿತು: ಅಮ್ಮಾ, ಗಾಡಿ ನಿಲ್ಲಿಸೋಕೆ ಹೇಳು, ಜನ ಇರೋ ಕಡೆ ಇಳಿ, ನಾನು ಲೈನಲ್ಲೇ ಇರ್ತೀನಿ. ಅಷ್ಟರಲ್ಲಿ ಲೈನು ಹೋಯಿತು.

“ಗಾಡಿ ನಿಲ್ಸ್ರಿ,” ಅಂದರು ಗಂಗಾಂಬಿಕೆ. ದನಿ ಸಣ್ಣದಾಗಿತ್ತು. ಮತ್ತೊಮ್ಮೆ ಅಂದರು.

ನಿಲ್ಲಿಸಬಾರದೆಂದು ಸಿದ್ದರಾಜುವಿಗೆ ಇರಲಿಲ್ಲ. ಎಡಕ್ಕೆ ನಾಲೆಯ ಏರಿ, ಮುಂದೆ ತಿರುವು, ಹಿಂದೆ ಕಬ್ಬು ಹೇರಿದ ಟ್ರಾಕ್ಟರು ಅಂಟಿಕೊಂಡಂತೆ ಬರುತ್ತಿತ್ತು. ತಿರುವು ದಾಟಿದರೆ ಒಂದು ಅರಳಿಕಟ್ಟೆ, ಟೀ ಅಂಗಡಿ, ನಾಲ್ಕು ಜನ. ಅಲ್ಲಿ ನಿಲ್ಲಿಸಿ, ಇಳಿದು, ಎಲ್ಲ ಹೇಳಿಬಿಡಬೇಕು ಎಂದುಕೊಂಡ. ಮೊದಲ ಸಲ ಅವನ ಬಾಯಿಗೆ ಮಾತು ಬಂದಿತ್ತು. ಅಣ್ಣನಿಂದ ಶುರು ಮಾಡಬೇಕೋ ಅತ್ತಿಗೆಯಿಂದಲೋ ಎಂದು ಜೋಡಿಸುತ್ತಿದ್ದ. ಜೋಡಿಸುತ್ತಲೇ ಎಡಗೈ ಎತ್ತಿ, ಅಂಗೈಯಿಂದ ಗಾಳಿಯನ್ನು ಎರಡು ಸಲ ಮುಂದಕ್ಕೆ ತಳ್ಳಿದ. ಸ್ಟ್ಯಾಂಡಿನವರೆಲ್ಲ ಅದನ್ನು ‘ಮುಂದೆ, ಅಲ್ಲಿ’ ಎಂದು ತಿಳಿಯುತ್ತಾರೆ. ಹಿಂದೆ ಕೂತವರಿಗೆ ಅದು, ತೆಪ್ಪಗಿರು ಎಂದಂತೆ ಕಂಡಿತು.

ಮಂಚಯ್ಯ ಹಿಂದಕ್ಕೆ ತಿರುಗಿ, ಇದ್ದೆರಡು ಹಲ್ಲು ತೋರಿಸಿ, “ಯಾಕವ್ವಾ ಎದ್ರುಕತೀಯಾ, ನಾವೇನ್ ಒತ್ಕಂಡ್ ಓಯ್ತೀವಾ,” ಅಂದ.

ಮೊದಲು ಬಟ್ಟೆಯ ಚೀಲ ಹೊರಗೆ ಹೋಯಿತು. ಏನೆಂದು ಸಿದ್ದರಾಜು ತಿರುಗುವಷ್ಟರಲ್ಲಿ ಗಾಡಿ ಒಂದು ಕಡೆ ಹಗುರಾಯಿತು. ಟ್ರಾಕ್ಟರಿನವನು ಬ್ರೇಕು ಒತ್ತಿದ ಸದ್ದು ಬಂತು. ಅವನು ಅಡ್ಡ ಎಳೆದುಕೊಂಡಿದ್ದಕ್ಕೆ ಗಂಗಾಂಬಿಕೆಯ ಜೀವ ಉಳಿಯಿತು. ಆದರೆ ಅವರು ಬಿದ್ದದ್ದು ಕಿರುಸೇತುವೆಯ ಕಲ್ಲಿನ ಮೇಲೆ.

ಆಸ್ಪತ್ರೆಗೆ ತಂದದ್ದು ಅದೇ ಗಾಡಿಯಲ್ಲಿ. ಬೇರೆ ಗಾಡಿ ಇರಲಿಲ್ಲ. ಮಂಚಯ್ಯ ಹಿಂದೆ ಕೂತು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವರೆಕಾಯಿ ಕಟ್ಟಿದ್ದ ಪಂಚೆಯಿಂದ ರಕ್ತ ಒತ್ತಿ ಹಿಡಿದಿದ್ದ. ಗಂಗಾಂಬಿಕೆಗೆ ಪ್ರಜ್ಞೆಯಿತ್ತು. ಹಾಸನದವರೆಗೂ ಅವರು ಕಣ್ಣು ಮುಚ್ಚಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಮೇಲಿನ ಕಾರ್ಡಿನ ಮೇಲಿರುವುದು ಸಿದ್ದರಾಜುವಿಗೆ ಕಾಣುತ್ತಿತ್ತು. ಈಗ ಹೇಳಲು ಬೇಕಾದಷ್ಟು ದಾರಿಯಿತ್ತು. ಹೇಳಿದರೆ ಅವರಿಗಾಗಿ ಹೇಳಿದಂತಾಗುತ್ತದೋ, ತನ್ನನ್ನು ಉಳಿಸಿಕೊಳ್ಳಲು ಹೇಳಿದಂತಾಗುತ್ತದೋ ಎಂದು ಅವನಿಗೇ ತಿಳಿಯಲಿಲ್ಲ. ಹಾರನ್ ಒತ್ತುತ್ತ ಬಂದ.

ಮಾನ್ಯ ಸಂಜೆಯ ಹೊತ್ತಿಗೆ ದಾವಣಗೆರೆಯಿಂದ ಬಂದಳು. ಸೊಂಟದ ಮೂಳೆ ಮುರಿದಿದೆ, ತಲೆಯ ಏಟು ವಾಸಿಯಾಗುತ್ತದೆ, ಆದರೆ ಮೊದಲಿನಂತೆ ನಡೆಯುವುದು ಕಷ್ಟ ಎಂದು ವೈದ್ಯರು ಹೇಳಿದರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದ ಸಿದ್ದರಾಜುವಿನ ಮುಂದೆ ಅವಳು ಫೋನು ಹಿಡಿದಳು. ಅದರಲ್ಲಿ ಕಾರ್ಡಿನ ಫೋಟೋ ಇತ್ತು, ಕೆಳಗೆ ಅಮ್ಮ ಕಳಿಸಿದ್ದ ಸಾಲು: ‘ಗಿಡ್ಡಯ್ಯ ಅಂತ. ಕಾರ್ಡಿಗೆ ಹೂವು ಮುಡಿಸಿದ್ದಾರೆ, ಒಳ್ಳೆಯವರಿರಬೇಕು.’ ಅವಳು ಬೈಯಲಿಲ್ಲ. ಮೂರು ಸಲ ಅದನ್ನೇ ತೋರಿಸಿ, ಯಾಕೆ ಎಂದು ಮಾತ್ರ ಕೇಳಿದಳು. ಅವನು ಅತ್ತಿಗೆಯ ಹೆಸರು ಹೇಳಿದ. ಅವಳಿಗೆ ಅದು ಅರ್ಥವಾಗುವಂಥದ್ದಾಗಿರಲಿಲ್ಲ.

ಎರಡನೆಯ ದಿನ ಸಬ್‌ಇನ್‌ಸ್ಪೆಕ್ಟರ್ ಶಶಿಕುಮಾರ್ ಬಂದು ಗಂಗಾಂಬಿಕೆಯ ಹೇಳಿಕೆ ಬರೆದುಕೊಂಡರು. ಬಾಗಿಲ ಹೊರಗೆ ನಿಂತಿದ್ದ ಸಿದ್ದರಾಜುವಿಗೆ ಆ ಟೀಚರಿನ ದನಿ ಸ್ಪಷ್ಟವಾಗಿಯೇ ಕೇಳಿಸಿತು.

“ಅವರು ನನಗೆ ಏನೂ ಮಾಡ್ಲಿಲ್ಲ ಸರ್. ಕೇಳಿದ್ದಕ್ಕೆ ಉತ್ತರ ಹೇಳ್ಲಿಲ್ಲ, ಅಷ್ಟೇ. ಹೇಳಿದ್ರೆ ನಾನು ಯಾಕೆ ಜಿಗೀತಿದ್ದೆ?”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹೊರಗಿದ್ದವನಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಸಿದ್ದರಾಜುವಿನ ಲೈಸೆನ್ಸು, ಬ್ಯಾಡ್ಜು ಸರಿಯಾಗಿದ್ದವು. ಅವನನ್ನು ಬಿಟ್ಟರು. ಗಾಡಿಯನ್ನು ಬಿಡಲಿಲ್ಲ. ಮಾಲೀಕ ಬಂದು ಬಿಡಿಸಿಕೊಂಡು ಹೋಗಬೇಕು ಎಂದು ನಿಯಮ. ಮಾಲೀಕ ಸತ್ತು ನಾಲ್ಕು ವರ್ಷವಾಗಿತ್ತು, ಆ ನಾಲ್ಕು ವರ್ಷವೂ ಪತ್ರದಲ್ಲಿ ಬದುಕಿದ್ದ. ಸತ್ತವನ ಹೆಸರಿನ ಗಾಡಿ ಅಪಘಾತದಲ್ಲಿ ಸಿಕ್ಕಿಕೊಂಡ ಮೇಲೆ ಅದು ಕೋರ್ಟಿನಿಂದ ಯಾವಾಗ ಹೊರಬರುತ್ತದೆ ಎಂದು ಶಶಿಕುಮಾರ್ ಕೂಡ ಹೇಳಲಿಲ್ಲ. ಸ್ಟ್ಯಾಂಡಿನಲ್ಲಿ ರಂಗಸ್ವಾಮಿ ಅವತ್ತು ಬೆಳಿಗ್ಗೆ ತಾನಾಡಿದ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಒಂದು ವಾರ ಸಾಲಿನಲ್ಲಿ ಒಂದು ಗಾಡಿಯಷ್ಟು ಜಾಗ ಬಿಟ್ಟಿದ್ದರು. ಎಂಟನೆಯ ದಿನ ಮುಂದಕ್ಕೆ ಸರಿದರು.

ಅಮಾವಾಸ್ಯೆ ಬಂತು, ಗಾಡಿ ಊರಿಗೆ ಹೋಗಲಿಲ್ಲ. ಸಿದ್ದರಾಜು ಅತ್ತಿಗೆಗೆ ಏನೂ ಹೇಳಿಕಳಿಸಿರಲಿಲ್ಲ. ಮಂಚಯ್ಯನ ಬಾಯಿಂದ ಊರಿಗೆಲ್ಲ ಗೊತ್ತಾಗಿತ್ತು. ಮಾರನೆಯ ದಿನ ಮರಿಯಮ್ಮ ಬೆಳಗಿನ ಬಸ್ಸಿಗೆ ಬಂದಿಳಿದಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಕನಕಾಂಬರ. ಗಾಡಿ ಎಲ್ಲಿ ಅಂದಳು. ಅವನು ಠಾಣೆಗೆ ಕರೆದುಕೊಂಡು ಹೋದ.

ಠಾಣೆಯ ಹಿಂದಿನ ಗೋಡೆಯ ಪಕ್ಕ, ಜಪ್ತಿಯಾದ ಬೈಕುಗಳ ನಡುವೆ ಗಾಡಿ ನಿಂತಿತ್ತು. ಮರಿಯಮ್ಮ ಹಿಂದೆ ಹತ್ತಿ ಕೂತಳು. ಸೀಟಿನ ಮೇಲಿನ ಕಲೆಗಳು ಒಣಗಿ ಕಪ್ಪಾಗಿದ್ದವು. ಕಾರ್ಡು ಇದ್ದ ಜಾಗದಲ್ಲಿ ನಾಲ್ಕು ತೂತುಗಳಿದ್ದವು. ಹೂವನ್ನು ಎಲ್ಲಿ ಸಿಕ್ಕಿಸಬೇಕೆಂದು ಅವಳ ಕೈ ಸ್ವಲ್ಪ ಹೊತ್ತು ಹುಡುಕಿತು.

ಶಶಿಕುಮಾರ್ ಒಳ್ಳೆಯ ಮನುಷ್ಯ. ಒಳಗೆ ಕರೆಸಿ ಕೂರಿಸಿದರು, ಫೈಲು ತೆರೆದು ತೋರಿಸಿದರು. ಕಾರ್ಡನ್ನು ಒಂದು ಹಾಳೆಗೆ ಪಿನ್ನು ಹೊಡೆದು ಸೇರಿಸಿದ್ದರು. ಪಕ್ಕದಲ್ಲಿ ಒಂದು ಸಾಲು ಕೈಬರಹವಿತ್ತು. ಓದು ಬಾರದ ಮರಿಯಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ಮೈದುನನನ್ನು ಕೇಳಿದಳು.

“ಏನಂತ ಬರ್ದವ್ರೆ?”

“ಮಾಲೀಕರ ಎಸ್ರು. ಗಿಡ್ಡಯ್ಯ.”

“ಅದ್ರ ಮುಂದ್ಕೆ?”

ಸಿದ್ದರಾಜು ಸಾಲನ್ನು ನೋಡಿದ. ಏನಿಲ್ಲ ಅತ್ಗೆ ಅನ್ನಬಹುದಿತ್ತು, ಶಶಿಕುಮಾರ್ ತಿದ್ದುತ್ತಿರಲಿಲ್ಲ. ನಾಲ್ಕು ವರ್ಷದ ರೂಢಿ ನಾಲಿಗೆಯ ಮೇಲೆಯೇ ಇತ್ತು. ಆದರೆ ಅದೇ ಊರಿನ ಒಂದು ಹಾಸಿಗೆಯ ಮೇಲೆ ಸೊಂಟಕ್ಕೆ ಸರಳು ಹಾಕಿಸಿಕೊಂಡು ಮಲಗಿದ್ದವರು, ಉತ್ತರ ಹೇಳಲಿಲ್ಲ ಅಷ್ಟೇ ಅಂದಿದ್ದರು. ಇನ್ನೊಂದು ಸಲ ಸುಮ್ಮನಿರಲು ಅವನಿಂದ ಆಗಲಿಲ್ಲ.

“ಮೃತ ಅಂತ ಬರ್ದವ್ರೆ ಅತ್ಗೆ. ಸತ್ತೋಗವ್ನೆ ಅಂತ.”

ಮರಿಯಮ್ಮ ಬೆರಳನ್ನು ಹಾಳೆಯಿಂದ ತೆಗೆಯಲಿಲ್ಲ. ಶಶಿಕುಮಾರ್ ಕಿಟಕಿಯ ಕಡೆ ನೋಡಿದರು. ಅವಳು ಮೈದುನನ ಮುಖ ನೋಡಿದಳು. ಗಂಡ ತೀರಿಕೊಂಡ ದಿನ ಆ ಸುದ್ದಿ ತಂದವನನ್ನೂ ಅವಳು ಹಾಗೆಯೇ ನೋಡಿದ್ದಳು. ಆ ದಿನ ತಂದವನೂ ಇವನೇ.

“ನೀನೂ ಅಂದ್ಬುಟ್ಯಲ್ಲಪ್ಪಾ,” ಅಂದಳು.

ಗಾಡಿಯ ಪೆಟ್ಟಿಗೆಯಿಂದ ತರಿಸಿದ ಅರ್ಜಿಗೆ ಅಲ್ಲೇ ಹೆಬ್ಬೆಟ್ಟು ಒತ್ತಿಕೊಟ್ಟಳು. ಶಾಯಿ ಅಂಟಿದ ಬೆರಳನ್ನು ಒರೆಸಿಕೊಳ್ಳದೆ ಹೊರಗೆ ನಡೆದಳು. ಅರ್ಜಿಯಿಂದ ಈಗ ಆಗುವಂಥದ್ದು ಹೆಚ್ಚೇನೂ ಇರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಬಿಸಿಲು ಏರಿತ್ತು. ಬಸ್ ನಿಲ್ದಾಣದವರೆಗೆ ಅವಳನ್ನು ನಡೆಸುವುದು ಬೇಡವೆಂದು ಸಿದ್ದರಾಜು ಹೋಗುತ್ತಿದ್ದ ಒಂದು ಆಟೋಗೆ ಕೈ ಅಡ್ಡ ಹಿಡಿದ. ಎಷ್ಟೋ ವರ್ಷಗಳ ಮೇಲೆ ಆಟೋದ ಹಿಂದಿನ ಸೀಟಿನಲ್ಲಿ ಕೂತಿದ್ದ. ಮರಿಯಮ್ಮ ಆ ತುದಿಗೆ, ಇವನು ಈ ತುದಿಗೆ, ನಡುವೆ ಬಾಳೆಲೆಯ ಪೊಟ್ಟಣ. ಎದುರಿಗೆ ಚಾಲಕನ ಕಾರ್ಡಿತ್ತು. ಅದೂ ಬಿಸಿಲಿಗೆ ಬಿಳಿಚಿ, ಮುಖ ಇದ್ದ ಕಡೆ ಒಂದು ಮಸುಕು ಮಾತ್ರ ಉಳಿದಿತ್ತು. ಹೆಸರು ಅರ್ಧ ಅಳಿಸಿಹೋಗಿತ್ತು. ಕನ್ನಡಿಯಲ್ಲಿ ಚಾಲಕನ ಕಣ್ಣುಗಳು ಕಾಣುತ್ತಿದ್ದವು. ಚಿಕ್ಕ ವಯಸ್ಸಿನವನು, ಬೇರೆ ಸ್ಟ್ಯಾಂಡಿನವನು.

ನಿನ್ನ ಹೆಸರೇನಪ್ಪಾ ಎಂದು ಕೇಳಬೇಕೆಂದು ಸಿದ್ದರಾಜುವಿಗೆ ಅನ್ನಿಸಿತು. ನಿಲ್ದಾಣ ಬರುವವರೆಗೂ ಅನ್ನಿಸುತ್ತಲೇ ಇತ್ತು.